ಅಮಾವಾಸ್ಯೆಗೆ ಆರುತ್ತಿದ್ದ ಬಲ್ಬು

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಒಬ್ಬ ವಯಸ್ಸಾದ ಡ್ರೈವರ್ ನನ್ನ ಅಂಗಡಿಗೆ ಬಂದು, ಕಿಸೆಯಿಂದ ಕರವಸ್ತ್ರ ತೆಗೆದು, ಅದರ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ ಹಲಗೆಯ ಮೇಲೆ ಹರಡಿದರು. ಒಳಗೆ ಹುಣಸೆಬೀಜದಷ್ಟು ಒಂದು ಬಲ್ಬು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡೋಮೀಟರಿನ ಬೆನ್ನಿಗೆ ಕೂತು ಮುಳ್ಳಿಗೆ ಬೆಳಕು ಕೊಡುವ ಬಲ್ಬು. ಗಾಡಿಯಲ್ಲಿ ಅದಕ್ಕಿಂತ ಸಣ್ಣದು ಇನ್ನೊಂದಿಲ್ಲ.

“ಮಿಸ್ತ್ರಿ, ಆರಲಾರದಂಥಾ ಬಲ್ಬ್ ಅದಾವೇನ್ರಿ ನಿಮ್ಮ ಹಂತ್ಯಾಕ?”

ಕುಂದಗೋಳದಲ್ಲಿ ವಾಹನಗಳ ಬ್ಯಾಟರಿ, ಡೈನಮೋ, ವೈರಿಂಗ್ ಎಂದು ಹದಿನಾಲ್ಕು ವರ್ಷ ಕೈ ಕಪ್ಪು ಮಾಡಿಕೊಂಡವನು ನಾನು. ಇಂಥ ಗಿರಾಕಿ ಬಂದಿರಲಿಲ್ಲ. “ಆರಲಾರದ ದೀಪ ಗುಡ್ಯಾಗ ಇರತೈತಿ ಕಾಕಾ, ಗಾಡ್ಯಾಗ ಅಲ್ಲ,” ಎಂದು ನಕ್ಕೆ. ಅವರು ನಗಲಿಲ್ಲ. ಬಲ್ಬನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದರು. ಅದನ್ನು ಸುತ್ತುವ ರೀತಿ ನೋಡಿ ನನ್ನ ನಗು ಅಲ್ಲಿಗೇ ನಿಂತಿತು.

ಅವರನ್ನು ನಾನು ಬಲ್ಲೆ. ಕುಬಿಹಾಳದ ಆಚೆಯ ಒಂದು ಹಳ್ಳಿಯ ಸಾಹುಕಾರರ ಮನೆಯಲ್ಲಿ ಅವರು ಮೂವತ್ತು ವರ್ಷದಿಂದ ಇದ್ದವರು. ಸಾಹುಕಾರರ ಕಪ್ಪು ಕಾರಿನ ವೈರಿಂಗನ್ನು ಒಮ್ಮೆ ಪೂರ್ತಿ ಹೊಸದಾಗಿ ಎಳೆದವನು ನಾನೇ. ಸಾಹುಕಾರರು ಹೋದ ವರ್ಷ ಶಿವರಾತ್ರಿ ಮುಗಿದ ವಾರದಲ್ಲಿ ತೀರಿಕೊಂಡಿದ್ದರು. ಅದೂ ಕಾರಿನಲ್ಲೇ. ಎದೆನೋವೆಂದು ಹುಬ್ಬಳ್ಳಿಗೆ ಕರೆದೊಯ್ಯುವಾಗ, ಕತ್ತಲಾಗುವ ಹೊತ್ತಿಗೆ, ಮುಂದಿನ ಎಡ ಸೀಟಿನಲ್ಲಿ.

“ಮೀಟರಿನ ಬೆಳಕಿನಾಗ ಅವರ ಗದ್ದ ಅಷ್ಟ ಕಾಣ್ತಿತ್ರಿ,” ಎಂದರು ಡ್ರೈವರ್. “ಒಮ್ಮೆ ಹೊಳ್ಳಿ ನೋಡಿದೆ, ಇದ್ರು. ಇನ್ನೊಮ್ಮೆ ನೋಡಿದೆ, ಕೂತಿದ್ರು, ಆದ್ರ ಇದ್ದಿದ್ದಿಲ್ಲ.”

ಅವರದು ಲಿಂಗಾಯತರ ಮನೆ. ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಕಾರಿನಲ್ಲಿ ಕೂತು ಹೋದವರನ್ನು ಹಾಗೇ ಕೂತಂತೆ ಸ್ವಂತ ಹೊಲದಲ್ಲಿ ಮಣ್ಣು ಮಾಡಿದರು. ಸಾಹುಕಾರರ ಹೆಂಡತಿಗೆ, ಊರೆಲ್ಲ ಅವ್ವಾರು ಎಂದು ಕರೆಯುವ ಆ ಹೆಣ್ಣುಮಗಳಿಗೆ, ಗಂಡ ಎಲ್ಲಿಯೂ ಎದ್ದು ಹೋದಂತೆ ಅನಿಸಲೇ ಇಲ್ಲ. ಇನ್ನೂ ಕಾರಿನಲ್ಲಿ ಕೂತಿದ್ದಾರೆ ಎಂಬುದು ಅವರ ನಂಬಿಕೆ. ಮೊದಲ ಅಮಾವಾಸ್ಯೆಗೆ ಗಾಡಿಯ ಪೂಜೆ ಮಾಡುವಾಗ ಅವರು ಡ್ಯಾಶ್‌ಬೋರ್ಡಿನ ಆ ಸಣ್ಣ ದೀಪ ಹಚ್ಚಿಸಿದರು. ಗಂಡ ಕೊನೆಗೆ ನೋಡಿದ ದೀಪ ಅದೇ ಅಲ್ಲವೇ. ಕಾರು ಹೊರಗೆ ಹೋಗಬಹುದೇ ಎಂದು ದೀಪದ ಮುಂದೆ ಕೇಳಿದರು. ಕೇಳಿದ ಸ್ವಲ್ಪ ಹೊತ್ತಿಗೆ ದೀಪ ಆರಿತು.

ಅಂದಿನಿಂದ ಹದಿನಾರು ಅಮಾವಾಸ್ಯೆ ಕಳೆದಿದ್ದವು. ಡ್ರೈವರ್ ಪ್ರತಿ ಸಲ ಹೊಸ ಬಲ್ಬು ಹಾಕಿದರು. ಉಳಿದ ದಿನಗಳಲ್ಲಿ ಹಚ್ಚಿ ಆರಿಸಿ ನೋಡಿದರೆ ಏನೂ ಆಗದು. ಅಮಾವಾಸ್ಯೆಯ ಪೂಜೆಯಲ್ಲಿ ಮಾತ್ರ ಹೋಗುತ್ತಿತ್ತು. ದೀಪ ಆರಿದರೆ ಮುಂದಿನ ಅಮಾವಾಸ್ಯೆಯ ತನಕ ಕಾರು ಹೊರಬೀಳಬಾರದು ಎಂಬುದು ಅವ್ವಾರ ಮಾತು. ಹಾಗಾಗಿ ಕಾರು ಒಂದೂಕಾಲು ವರ್ಷದಿಂದ ಬಂಡಿಮನೆಯ ಬಾಗಿಲು ದಾಟಿರಲಿಲ್ಲ.

“ದಾಟದಿದ್ದರ ಬಿಡ್ರಿ, ಬಸ್ ಐತಲ್ಲ,” ಎಂದೆ.

“ಹೋದ ಶ್ರಾವಣದಾಗ ಸೊಸೀಗೆ ಬ್ಯಾನಿ ಬಂದ್ವು. ತಾಯಿ ಇಲ್ಲದ ಹುಡುಗಿ, ಹಡಿಯೂದು ಇಲ್ಲೇ ಅಂತ ಆಗಿತ್ತು. ಕಾರ್ ತಗೀಬ್ಯಾಡ ಅಂದ್ರು ಅವ್ವಾರು. ಬಂಡ್ಯಾಗ ಹಾಕ್ಕೊಂಡು ಹೊಂಟ್ವಿ. ಎರಿ ಮಣ್ಣು, ಮಳಿ, ಗಾಲಿ ಅರ್ಧ ಹುಗದು ಕುಂತ್ವು. ಕೂಸು ಬಂಡ್ಯಾಗ ಹುಟ್ಟಿತು, ಬಂಡ್ಯಾಗ ಹೋತು.” ಡ್ರೈವರ್ ಕರವಸ್ತ್ರವನ್ನು ಕಿಸೆಗೆ ಹಾಕಿದರು. “ಈಗ ಮತ್ತ ಆಕೀಗೆ ಆರು ತಿಂಗಳು ನಡದಾವ. ಗಂಡ ಗದಗಿನ್ಯಾಗ ನೌಕರಿ, ಅವ್ವನ ಮುಂದ ಬಾಯಿ ಬಿಡಂಗಿಲ್ಲ. ನಾನೂ ಆಳು. ನಿಮ್ಮ ಕೈ ಹಿಡಕೋತೇನಿ, ಆರಲಾರದ್ದೊಂದು ಬಲ್ಬ್ ಮಾಡಿ ಕೊಡ್ರಿ.”

ಕೂತಲ್ಲಿಂದ ಎದ್ದು ವೋಲ್ಟ್ ಅಳೆಯುವ ಮೀಟರು, ತಂತಿ, ಸ್ಕ್ರೂಡ್ರೈವರ್ ಚೀಲಕ್ಕೆ ತುಂಬಿದೆ. ದೆವ್ವ ಭೂತ ಎಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಇಗ್ನಿಷನ್ ಬಂದ್ ಆಗಿದ್ದರೂ ಹಾರನ್ ಕೂಗಿತೆಂದು ಲಾರಿಗೆ ಕುರಿ ಕಡಿದವರನ್ನು ಕಂಡಿದ್ದೇನೆ. ಅಲ್ಲಿ ಆಗಿದ್ದು ಒಂದು ವೈರಿನ ಸಿಪ್ಪೆ ಸವೆದಿದ್ದು. ಇದೂ ಅಂಥದ್ದೇ ಎಂದುಕೊಂಡೆ.

ಬಂಡಿಮನೆ ಎಂದರೆ ಸಾಹುಕಾರರ ದೊಡ್ಡ ಮನೆಯ, ಆ ವಾಡೆಯ, ಹಿಂದಿನ ಉದ್ದನೆಯ ಕಲ್ಲು ಕಟ್ಟಡ. ಮೊದಲು ಬಂಡಿಗಳನ್ನು ನಿಲ್ಲಿಸುತ್ತಿದ್ದರು. ಕಿಟಕಿ ಇಲ್ಲ. ಬಾಗಿಲು ತೆರೆದಷ್ಟು ಬೆಳಕು ಕಾರಿನ ಮೂತಿಯ ತನಕ ಹೋಗಿ ನಿಲ್ಲುತ್ತಿತ್ತು. ಧೂಳಿನ ಒಂದು ಕಣ ಕೂಡ ಇಲ್ಲದಂತೆ ಕಾರನ್ನು ಒರೆಸಿದ್ದರು. ಮುಂದಿನ ಎಡ ಸೀಟಿನ ಮೇಲೆ ಮಡಿಸಿದ ಬಿಳಿ ಧೋತರ, ಅದರ ಮೇಲೆ ಸುತ್ತಿದ ಹಾಗೇ ಇಟ್ಟ ರುಮಾಲು. ಸೀಟಿನ ಸ್ಪಂಜು ನಡುವೆ ತಗ್ಗಾಗಿತ್ತು, ಈಗಷ್ಟೇ ಯಾರೋ ಕೂತು ಎದ್ದ ಹಾಗೆ. ಹಳೆ ಸ್ಪಂಜು ಒಮ್ಮೆ ಕೂತರೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾನು ಆ ಕಡೆಯಿಂದ ಹತ್ತದೆ ಬಲಗಡೆಯಿಂದ ಹತ್ತಿದೆ.

ಅವ್ವಾರು ಎಡಬಾಗಿಲ ಹತ್ತಿರ ಬಂದು ನಿಂತರು. ಸಣ್ಣ ಮೈಕಟ್ಟು, ಹಣೆಯ ತುಂಬ ವಿಭೂತಿ. ನನ್ನನ್ನು ಮಾತನಾಡಿಸಲಿಲ್ಲ. ಸೀಟಿನ ಕಡೆ ತಿರುಗಿ, “ವೈರಿಂಗ್ ಮಿಸ್ತ್ರಿ ಬಂದಾನ ನೋಡ್ರಿ. ಕಾಲ ಸ್ವಲ್ಪ ಸರಸ್ಕೋರಿ,” ಎಂದರು.

ಡ್ಯಾಶ್‌ಬೋರ್ಡಿನ ಬಲ್ಬು ಬದಲಿಸಬೇಕಾದರೆ ತಲೆಕೆಳಗಾಗಿ ಮಲಗಬೇಕು. ಬೆನ್ನು ಸೀಟಿನ ಅಂಚಿಗೆ, ತಲೆ ಪೆಡಲುಗಳ ಹತ್ತಿರ. ಕೈಯನ್ನು ಕೇಬಲುಗಳ ನಡುವೆ ತೂರಿಸಿ, ಕಣ್ಣಿನ ಸಹಾಯವಿಲ್ಲದೆ, ಬೆರಳಿನಿಂದಲೇ ಹೋಲ್ಡರ್ ಹುಡುಕಿ ಹಿಂದಕ್ಕೆ ಎಳೆಯಬೇಕು. ಹಾಗೆ ಮಲಗಿದಾಗ ಎಡ ಸೀಟಿನ ಕೆಳಗಿನ ಕತ್ತಲು ನನ್ನ ಮುಖದ ಪಕ್ಕಕ್ಕೇ ಬಂತು. ಅಲ್ಲಿ ಒಂದು ಜೊತೆ ಚರ್ಮದ ಚಪ್ಪಲಿ ಇದ್ದವು, ಹೆಬ್ಬೆರಳಿನ ಕಡೆಯ ತುದಿ ನನ್ನತ್ತ ಮಾಡಿಕೊಂಡು. ಕೈಗೆ ಸಿಕ್ಕಿದ್ದ ಹೋಲ್ಡರ್ ಜಾರಿತು, ಮತ್ತೆ ಹುಡುಕಬೇಕಾಯಿತು.

ಆ ದೀಪಕ್ಕೆ ಬೇರೆಯೇ ಒಂದು ಸ್ವಿಚ್ಚಿತ್ತು. ಅದನ್ನು ಹಾಕಿದವನೂ ನಾನೇ. ಹೊರಗಿನ ಲೈಟು ಹತ್ತದೆ ಒಳಗಿನದಷ್ಟೇ ಹತ್ತಬೇಕು ಎಂದು ಸಾಹುಕಾರರು ಹಟ ಹಿಡಿದಿದ್ದರು. ಯಾಕೆಂದು ಆಗ ಕೇಳಿರಲಿಲ್ಲ. ಈಗ ಡ್ರೈವರ್ ಹೇಳಿದರು: ಅವರು ಸಂಜೆ ಇಲ್ಲಿ ಬಂದು, ಬಾಗಿಲು ಹಾಕಿಕೊಂಡು, ಆ ದೀಪ ಹಚ್ಚಿ, ಸೊನ್ನೆಯ ಮೇಲೆ ನಿಂತ ಮುಳ್ಳನ್ನು ನೋಡುತ್ತಾ ಕೂಡುತ್ತಿದ್ದರಂತೆ. ಎಲ್ಲಿಗೂ ಹೋಗುತ್ತಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು.

ಡ್ರೈವರ್ ಹದಿನಾರೂ ಸತ್ತ ಬಲ್ಬುಗಳನ್ನು ಒಂದು ತಂಬಾಕಿನ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಅವನ್ನು ಬಾಗಿಲ ಬೆಳಕಿಗೆ ಒಯ್ದು ಒಂದೊಂದಾಗಿ ಹಿಡಿದು ನೋಡಿದೆ. ಬಲ್ಬು ಸಾಯುವ ರೀತಿ ಎರಡು. ಗಾಡಿಯ ಜಗ್ಗಾಟಕ್ಕೆ ಒಳಗಿನ ಎಳೆ ತುಂಡಾದರೆ ಗಾಜು ಸ್ವಚ್ಛವಾಗಿರುತ್ತದೆ. ಕರೆಂಟು ಹೆಚ್ಚಾಗಿ ಸುಟ್ಟರೆ ಎಳೆಯ ತುದಿ ಕರಗಿ ಗುಂಡಗಾಗುತ್ತದೆ, ಗಾಜಿನ ಒಳಮೈಗೆ ಕಪ್ಪು ಹಿಡಿಯುತ್ತದೆ. ಇವು ಹದಿನಾರಕ್ಕೆ ಹದಿನಾರೂ ಕಪ್ಪಾಗಿದ್ದವು, ಕಾಡಿಗೆ ಹಿಡಿದ ಚಿಮಣಿಯ ಹಾಗೆ. ನಿಂತಲ್ಲೇ ನಿಂತ ಕಾರಿನಲ್ಲಿ, ತಿಂಗಳಿಗೊಮ್ಮೆ, ಒಂದೇ ರೀತಿಯ ಸಾವು.

ಎಂಜಿನ್ ಶುರು ಮಾಡಿಸಿ ಮೀಟರ್ ಹಚ್ಚಿದೆ. ಹದಿನಾಲ್ಕು ವೋಲ್ಟ್. ಎಂಜಿನ್ನನ್ನು ಜೋರು ಮಾಡಿಸಿದೆ. ಹದಿನಾಲ್ಕೂಕಾಲು. ಬಲ್ಬು ಸುಡಲು ಇಷ್ಟು ಸಾಲದು. ಆದರೂ ಡೈನಮೋದ ರೆಗ್ಯುಲೇಟರ್ ಪೆಟ್ಟಿಗೆ ಬಿಚ್ಚಿ, ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ಹದಿಮೂರೂವರೆಗೆ ತಂದಿಟ್ಟೆ. ವೋಲ್ಟು ಇಷ್ಟೇ ಇಷ್ಟು ಇಳಿದರೂ ಬಲ್ಬಿನ ಆಯುಷ್ಯ ಒಂದಕ್ಕೆರಡಾಗುತ್ತದೆ. ಹೋಲ್ಡರಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಮೆತ್ತಗೆ ಕೂರಿಸಿದೆ. ಅರ್ಥ್ ತಂತಿ ಹೊಸದು ಎಳೆದು, ಬಣ್ಣ ಕೆರೆದು ಬಾಡಿಗೆ ಬಿಗಿದೆ. ಪೂಜೆಯ ತೆಂಗಿನ ನೀರು ಒಳಗೆ ಇಳಿಯುತ್ತಿರಬಹುದೆಂದು ಸ್ಪೀಡೋಮೀಟರಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ಕಟ್ಟಿದೆ.

“ಪೂಜಿ ಹೊತ್ತಿನಾಗ ಗಾಡಿಗೆ ಏನರೆ ಮಾಡ್ತೀರೇನು ಕಾಕಾ?”

“ಏನ್ ಮಾಡೂದೈತ್ರಿ? ಎಂಜಿನ್ ಚಾಲೂ ಇರತೈತಿ, ಅವ್ವಾರು ಇಬತ್ತಿ ಹಚ್ಚಿ ಕಾಯಿ ಒಡೀತಾರ. ಅಷ್ಟ.”

ಮುಂದಿನ ತಿಂಗಳು ನಾಗರ ಅಮಾವಾಸ್ಯೆಯ ಮರುದಿನ ಅವರು ಮತ್ತೆ ಬಂದರು. ಕರವಸ್ತ್ರ ಬಿಚ್ಚುವ ಮೊದಲೇ ನನಗೆ ತಿಳಿಯಿತು. ಗಾಜು ಕಪ್ಪಾಗಿತ್ತು.

ಎರಡು ದಿನ ನನಗೆ ಬೇರೆ ಕೆಲಸ ಹತ್ತಲಿಲ್ಲ. ಮೂರನೆಯ ದಿನ ಒಂದು ಲಾರಿಯ ಡ್ಯಾಶ್‌ಬೋರ್ಡಿನ ಬಲ್ಬು ಬದಲಿಸುವಾಗ ಹಾದಿ ಹೊಳೆಯಿತು. ಲಾರಿಯದು ಇಪ್ಪತ್ನಾಲ್ಕು ವೋಲ್ಟಿನ ಬಲ್ಬು. ಅದನ್ನು ಹನ್ನೆರಡು ವೋಲ್ಟಿನ ಕಾರಿಗೆ ಹಾಕಿದರೆ ಅರ್ಧ ಹೊಟ್ಟೆಯಲ್ಲಿ ಬದುಕಿದಂತೆ. ಬೆಳಕು ಮಂಕು, ಆದರೆ ಸುಡುವ ಮಾತೇ ಇಲ್ಲ. ಅದೇ ಅಳತೆಯ ಕ್ಯಾಪಿರುವುದನ್ನು ಹುಡುಕಿ ಹೋಗಿ ಹಾಕಿ ಬಂದೆ. ಸ್ವಿಚ್ಚು ಒತ್ತಿದರೆ ಕೆಂಪು ಕಂದು ಬಣ್ಣದ ಒಂದು ಎಳೆ ಅಷ್ಟೇ ಕಾಣಿಸಿತು. ಮುಳ್ಳು ಕಾಣುತ್ತಿರಲಿಲ್ಲ. ಕಾಣಿಸಬೇಕಾದದ್ದು ಮುಳ್ಳಲ್ಲವಲ್ಲ, ನನ್ನ ಪಾಲಿಗೆ ಆರದಿದ್ದರೆ ಸಾಕಿತ್ತು.

ಶ್ರಾವಣ ಮುಗಿದ ಅಮಾವಾಸ್ಯೆಗೆ ಅದು ಆರಲಿಲ್ಲ. ಆದರೆ ಡ್ರೈವರ್ ಬಂದಾಗ ಅವರ ಮುಖದಲ್ಲಿ ಜೀವ ಇರಲಿಲ್ಲ.

“ಆರಲಿಲ್ರಿ. ಆದ್ರ ಅವ್ವಾರು ನೋಡಿದ್ರು, ನೋಡಿದ್ರು, ನೋಡಕೋತ ಕುಂತ್ರು. ಮಾರಿ ಸಣ್ಣ ಮಾಡ್ಯಾರ, ಮನಸಿಲ್ಲ ಅವರಿಗೆ ಅಂದ್ರು. ಒಲ್ಲೆ ಅನ್ನೂದಕ್ಕೂ ಅವರಿಗೆ ತ್ರಾಣ ಇಲ್ಲ, ಹಿಂಗ್ಯಾಕ ಮಾಡಿದ್ಯೋ ಅಂತ ನನ್ನ ಕೇಳಿದ್ರು. ಮೊದಲಿನ ಬಲ್ಬ್ ಹಾಕು ಅಂದಾರ.”

ಹೀಗೆ ಎರಡು ತಿಂಗಳು ಹೋದವು. ಸೊಸೆಗೆ ಎಂಟು ನಡೆದಿತ್ತು. ಮಹಾನವಮಿ ಅಮಾವಾಸ್ಯೆಗೆ ದೀಪ ಆರಿದರೆ ಮುಂದಿನದು ದೀಪಾವಳಿ. ಅಷ್ಟರಲ್ಲಿ ದಿನ ತುಂಬುತ್ತವೆ. ಉಳಿದದ್ದು ಒಂದೇ ಅಮಾವಾಸ್ಯೆ. ಈ ಸಲ ನಾನೇ ಎದುರಿಗಿರುತ್ತೇನೆ ಎಂದೆ.

ಅಂದು ಹೊರಗೆ ಕಣ್ಣು ಕುಕ್ಕುವ ಬಿಸಿಲು. ಹೆಸರು ಕಿತ್ತ ಹೊಲಗಳು ಕಪ್ಪಗೆ ಬಿದ್ದಿದ್ದವು. ವಾಡೆಯ ಹಿಂಬಾಗಿಲಲ್ಲಿ ಸೊಸೆ ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. “ಅಣ್ಣಾರ, ಆರಬಾರದ್ರಿ,” ಎಂದಳು. ಅಷ್ಟೇ. ಎಲ್ಲ ನನ್ನ ಕೈಯಲ್ಲಿದೆ ಎನ್ನುವ ಹಾಗೆ ನೋಡಿದಳು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಗಾಳಿಗೆ ಆರತಿ ಆರಬಾರದೆಂದು ಬಂಡಿಮನೆಯ ಬಾಗಿಲು ಮುಂದೆ ಮಾಡಿದರು. ನಡುಹಗಲಿನಲ್ಲೂ ಒಳಗೆ ಮುಸ್ಸಂಜೆಯಾಯಿತು. ಡ್ರೈವರ್ ಹ್ಯಾಂಡಲ್ ಹೊಡೆದು ಎಂಜಿನ್ ಶುರು ಮಾಡಿದರು. ನಾನು ಬಲಗಡೆ ಪೆಡಲುಗಳ ಹತ್ತಿರ ಮುದುಡಿ ಕೂತು, ಹೋಲ್ಡರಿನ ಎರಡು ತುದಿಗೆ ಮೀಟರಿನ ತಂತಿ ಸಿಕ್ಕಿಸಿ, ಮೀಟರನ್ನು ತೊಡೆಯ ಮೇಲಿಟ್ಟುಕೊಂಡೆ. ಹೊಸ ಹನ್ನೆರಡು ವೋಲ್ಟಿನ ಬಲ್ಬು. ಮುಳ್ಳು ಹದಿಮೂರೂವರೆಯ ಮೇಲೆ ಕದಲದೆ ನಿಂತಿತ್ತು.

ಅವ್ವಾರು ಎಡಬಾಗಿಲು ತೆರೆದು, ಮಣೆಯ ಮೇಲೆ ಕೂತು, ಸ್ವಿಚ್ಚು ಒತ್ತಲು ನನಗೆ ಸನ್ನೆ ಮಾಡಿದರು. ಒತ್ತಿದೆ. ಹಳದಿ ಬೆಳಕು ಸ್ಪೀಡೋಮೀಟರಿನಿಂದ ಇಳಿದು ರುಮಾಲಿನ ಅಂಚಿಗೆ ಹತ್ತಿತು. ಅವರು ಸ್ಟೇರಿಂಗಿಗೆ, ಬಾಗಿಲಿಗೆ, ಆಮೇಲೆ ಸೀಟಿನ ಬೆನ್ನಿಗೆ, ಹಣೆ ಇರುವಷ್ಟು ಎತ್ತರದಲ್ಲಿ, ಮೂರು ಬೆರಳಿನಿಂದ ವಿಭೂತಿ ಎಳೆದರು. ಕಾಯಿ ಹೊರಗೆ ಒಡೆದಾಗಿತ್ತು. ಒಂದು ಹನಿ ನೀರೂ ಒಳಗೆ ಬಂದಿರಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಅವರು ಸಣ್ಣ ದನಿಯಲ್ಲಿ ಮಾತನಾಡುತ್ತಿದ್ದರು, ಮನೆಯ ಮಾತು: ಹೆಸರು ಎಷ್ಟಾಯಿತು, ಯಾವ ಎಮ್ಮೆ ಕರು ಹಾಕಿತು. ನಡುನಡುವೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ, “ಹುಡುಗೀಗೆ ದಿನಾ ಸಮೀಪ ಬಂದಾವ. ಗಾಡಿ ಕೊಡ್ತೀರಿಲ್ಲೋ?” ಎಂದರು.

ಎಂಜಿನ್ನಿನ ಸದ್ದು ಏರಿತು. ನನ್ನ ಮೀಟರಿನ ಮುಳ್ಳು ಹದಿಮೂರೂವರೆಯಿಂದ ಎದ್ದು ಬಲತುದಿಗೆ ಹೋಗಿ ಬಡಿಯಿತು. ಬಲ್ಬು ಬೆಳ್ಳಗಾಯಿತು. ಅಂಥ ಬಿಳುಪನ್ನು ಅಷ್ಟು ಸಣ್ಣ ಬಲ್ಬಿನಲ್ಲಿ ನಾನು ಕಂಡಿರಲಿಲ್ಲ. ಕಾರಿನ ಒಳಗೆಲ್ಲ ಬೆಳಕಾಯಿತು. ಹಿಂದಿನ ಸೀಟಿನ ಮೇಲೆ ರುಮಾಲಿನ ನೆರಳು ದೊಡ್ಡದಾಗಿ ಬಿದ್ದು, ಒಬ್ಬ ಮನುಷ್ಯ ತಲೆ ಎತ್ತಿ ಕೂತ ಹಾಗೆ ಕಂಡಿತು. ಅದನ್ನು ನಾನು ನೋಡಿದೆ, ಅವ್ವಾರೂ ನೋಡಿದರು. ಮರುಕ್ಷಣ ಕತ್ತಲು. ಇಷ್ಟು ವರ್ಷ ನಕ್ಕದ್ದಕ್ಕೆಲ್ಲ ಒಂದೇ ಸಲ ಶಾಸ್ತಿಯಾಯಿತು ಎನಿಸಿತು.

“ಒಲ್ಲೆ ಅಂದ್ರು,” ಎಂದರು ಅವ್ವಾರು.

ಆಗ ಬಾನೆಟ್ಟಿನ ಕಡೆಯಿಂದ ಸ್ಪ್ಯಾನರ್ ಕಬ್ಬಿಣಕ್ಕೆ ತಾಗಿದ ಸದ್ದು ಕೇಳಿಸಿತು. ಮೀಟರಿನ ಮುಳ್ಳು ಇಳಿದು ಮತ್ತೆ ಹದಿಮೂರೂವರೆಯಲ್ಲಿ ನಿಂತಿತು.

ನಾನು ಕೆಳಗಿಳಿದು ಮುಂದೆ ಹೋದೆ. ಡ್ರೈವರ್ ಬ್ಯಾಟರಿಯ ಟರ್ಮಿನಲ್ ಬಿಗಿಯುತ್ತಿದ್ದರು. ತಿಕ್ಕಿ ಬೆಳಗಿದ ಸೀಸದ ಗೂಟದ ಮೇಲೆ ವಿಭೂತಿ. ನನ್ನ ಮುಖ ನೋಡಿ, “ಏನಾತ್ರಿ? ಹೋತೇನು?” ಎಂದರು. ದನಿಯಲ್ಲಿ ಅಳುವಿತ್ತು.

“ಟರ್ಮಿನಲ್ ಯಾಕ ಬಿಚ್ಚಿದ್ರಿ ಕಾಕಾ, ಎಂಜಿನ್ ಚಾಲೂ ಇದ್ದಾಗ?”

“ಡೈನಮೋ ನೋಡಾಕ್ರಿ. ಬ್ಯಾಟ್ರಿ ವೈರ್ ತಗದು, ಇಲ್ಲೇ ಎಕ್ಸಲೇಟರ್ ತಂತಿ ಜಗ್ಗಿ ಎಂಜಿನ್ ಜೋರ್ ಮಾಡಿದರ ಬಂದ್ ಬೀಳಬಾರದು. ಬೀಳಲಿಲ್ಲಂದ್ರ ಡೈನಮೋ ಜೀವಂತ ಐತಿ. ಹಂಗ ಗೂಟಕ್ಕ ಇಬತ್ತಿ ಹಚ್ಚಿ ಹೊಳ್ಳಿ ಬಿಗೀತೇನ್ರಿ. ಅಮಾಸಿಗೊಮ್ಮೆ ತಪ್ಪಸಬ್ಯಾಡ ಅಂತ ಸಾಹುಕಾರ್ರು ಹೇಳಿದ್ರು. ಒಂದ ಅಮಾಸಿನೂ ತಪ್ಪಿಸಿಲ್ಲ. ಅದೂ ಪೂಜಿನ ಅಲ್ರಿ.”

ಬ್ಯಾಟರಿ ಎಂದರೆ ಡೈನಮೋದ ಜೋರನ್ನು ಹೊಟ್ಟೆಗೆ ಹಾಕಿಕೊಳ್ಳುವ ಕೆರೆ ಇದ್ದ ಹಾಗೆ. ಎಂಜಿನ್ ಓಡುವಾಗ ಅದನ್ನು ಬಿಡಿಸಿ ಜೋರು ಮಾಡಿದರೆ ಕರೆಂಟು ಎಲ್ಲಿ ಹಾದಿ ಇದೆಯೋ ಅಲ್ಲಿಗೆ ನುಗ್ಗುತ್ತದೆ. ಅಲ್ಲಿ ಹತ್ತಿದ್ದು ಒಂದೇ ಒಂದು ಬಲ್ಬು, ಎಲ್ಲಕ್ಕಿಂತ ಸಣ್ಣದು. ಸಾಹುಕಾರರ ಕಾಲದಲ್ಲಿ ಪೂಜೆಗೆ ಆ ದೀಪ ಹಚ್ಚುತ್ತಿರಲಿಲ್ಲ, ಹಾಗಾಗಿ ಏನೂ ಆಗುತ್ತಿರಲಿಲ್ಲ. ಅವರು ಹೋದ ಮೇಲೆ ಹೆಂಡತಿ ದೀಪ ಹಚ್ಚಿದರು. ಆಳು ಧಣಿಯ ಮಾತು ನಡೆಸಿದರು. ಒಬ್ಬರು ಬಾಗಿಲ ಹತ್ತಿರ, ಒಬ್ಬರು ಬಾನೆಟ್ಟಿನ ಹಿಂದೆ. ಒಬ್ಬರು ಮಾಡುವುದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ.

ಇಷ್ಟು ತಿಳಿದಾಗ ಹಗುರವಾಗಬೇಕಿತ್ತು. ಆದರೆ ಡ್ರೈವರ್ ಇನ್ನೊಂದು ಮಾತು ಸೇರಿಸಿದರು.

“ಅವರಿಗೆ ನೀವ ಕಲಿಸಿದ್ದಿರಂತಲ್ರಿ.”

ನೆನಪಾಯಿತು. ಅಂಗಡಿ ಹಾಕಿದ ಹೊಸತು. ಸಾಹುಕಾರರು ನನ್ನ ಎದುರಿಗೆ ನಿಂತಿದ್ದರು. ನನ್ನ ಜಾಣತನ ತೋರಿಸಬೇಕೆಂದು, ಅವರ ಕಾರಿನ ಬ್ಯಾಟರಿಯ ವೈರನ್ನು ಎಂಜಿನ್ ಓಡುವಾಗಲೇ ಕಿತ್ತು ಕೈಯಲ್ಲಿ ಹಿಡಿದು, “ನೋಡ್ರಿ, ಬ್ಯಾಟ್ರಿ ಇಲ್ಲದನ ಓಡತೈತಿ,” ಎಂದಿದ್ದೆ. ಅವರು ಎಳೆ ಮಗುವಿನ ಹಾಗೆ ಖುಷಿಪಟ್ಟು ಇನ್ನೊಮ್ಮೆ ಮಾಡಿಸಿದ್ದರು. ಮಿಸ್ತ್ರಿಗಳೆಲ್ಲ ಮಾಡುವ ಪರೀಕ್ಷೆ ಅದು. ತಪ್ಪು ಪರೀಕ್ಷೆ ಎಂದು ಆಮೇಲೆ ನನಗೆ ತಿಳಿಯಿತು, ನಾನು ಬಿಟ್ಟೆ. ಕಲಿತವರಿಗೆ ಬಿಡಿ ಎಂದು ಹೇಳಲು ಹೋಗಲಿಲ್ಲ.

ಬಂಡಿಯಲ್ಲಿ ಹುಟ್ಟಿ ಬಂಡಿಯಲ್ಲಿ ಹೋದ ಕೂಸು ಕಣ್ಣ ಮುಂದೆ ಬಂತು. ನಾನು ಅದನ್ನು ನೋಡಿರಲೇ ಇಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಡ್ರೈವರಿಗೆ ಇನ್ನುಮುಂದೆ ಟರ್ಮಿನಲ್ ಮುಟ್ಟಬೇಡಿ ಎಂದರೆ ದೀಪಾವಳಿಗೆ ದೀಪ ಆರುತ್ತಿರಲಿಲ್ಲ. ಯಾರಿಗೂ ಯಾವ ನೋವೂ ಇಲ್ಲ. ಆದರೆ ಹುಡುಗಿಗೆ ದೀಪಾವಳಿಯ ತನಕ ವೇಳೆ ಇರಲಿಲ್ಲ. ಈಗಲೇ ಹೇಳಬೇಕಿತ್ತು. ಹೇಳಿದರೆ ಆ ಕೂಸಿನ ಸಾವಿಗೆ ಈ ಮುದುಕನ ಕೈಯೇ ಕಾರಣ ಎಂದಾಗುತ್ತಿತ್ತು. ನಾನು ಅವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ಎಂಜಿನ್ ಬಂದ್ ಮಾಡಬೇಡಿ ಎಂದು ಹೇಳಿ, ಅವ್ವಾರ ಹತ್ತಿರ ಹೋದೆ.

“ಅವ್ವಾರ, ಆರಿಸಿದವರು ಅವರಲ್ಲ. ನಾನು.”

ಅವರು ನನ್ನ ಮುಖವನ್ನು ಮೊದಲ ಸಲ ನೋಡಿದರು.

ಕಿಸೆಯಲ್ಲಿದ್ದ ಇನ್ನೊಂದು ಬಲ್ಬನ್ನು ಹಾಕಿದೆ. ದೀಪ ಹತ್ತಿತು. “ಇದನ್ನ ನೋಡಕೋತ ಇರ್ರಿ, ನಾ ಮುಂದ ಹೋಗಿ ಆರಸ್ತೇನಿ,” ಎಂದೆ. ಹೋಗಿ ಟರ್ಮಿನಲ್ ಬಿಚ್ಚಿ ಎಂಜಿನ್ನನ್ನು ಜೋರು ಮಾಡಿದೆ. ಗಾಜಿನ ಆಚೆ ಬಿಳಿ ಮಿಂಚು ಹೊಡೆದು ಆರಿದ್ದು ನನಗೂ ಕಂಡಿತು. ಹೊಳ್ಳಿ ಬಂದು ಮೂರನೆಯದನ್ನು ಹಾಕಿದೆ. ಟರ್ಮಿನಲ್ ಬಿಗಿದೇ ಇರಿಸಿ ಎಂಜಿನ್ ಜೋರು ಮಾಡಿದೆ. ದೀಪ ಆರಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದೆ: ಪರೀಕ್ಷೆ ನಾನು ಕಲಿಸಿದ್ದು, ಸಾಹುಕಾರರು ನಂಬಿ ಡ್ರೈವರಿಗೆ ಕಲಿಸಿದ್ದು, ಅವರು ನಂಬಿ ಮಾಡಿದ್ದು. “ತಪ್ಪು ನಂದು. ಬಯ್ಯೂದಿದ್ರ ನನಗ ಬಯ್ಯರಿ.”

ಡ್ರೈವರ್ ಮಡ್‌ಗಾರ್ಡಿಗೆ ಒರಗಿ ಹಾಗೇ ನೆಲಕ್ಕೆ ಕೂತುಬಿಟ್ಟಿದ್ದರು. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟು ನೋಡಿಕೊಳ್ಳುತ್ತಿದ್ದರು.

ಎಂಜಿನ್ ಓಡುತ್ತಲೇ ಇತ್ತು. ಅವ್ವಾರು ಸೀಟಿನ ಕಡೆಗಲ್ಲ, ನನ್ನ ಕಡೆಗೇ ತಿರುಗಿ ಕೇಳಿದರು.

“ಹಂಗಾರ ಹೋದ ವರ್ಷದ ಶ್ರಾವಣದಾಗ ಅವರು ಒಲ್ಲೆ ಅಂದಿದ್ದಿಲ್ಲೇನು ತಮ್ಮಾ?”

ನಾನು ಇನ್ನೂ ಹತ್ತಿಕೊಂಡೇ ಇದ್ದ ಮೂರನೆಯ ಬಲ್ಬಿನ ಕಡೆ ನೋಡಿದೆ. ಅವರು ಎದ್ದು, ಬಾಗಿಲ ಚೌಕಟ್ಟು ಹಿಡಿದು ನಿಂತು, ಡ್ರೈವರಿಗೆ, “ಗಾಡ್ಯಾಗ ಎಣ್ಣಿ ಹಾಕಿಸಿ ಇಡೋ,” ಎಂದು ಹೇಳಿ, ಬಿಸಿಲಿಗೆ ಹೋದರು.

ಒಂಬತ್ತನೆಯ ದಿನ ಬೆಳಿಗ್ಗೆ ಸೊಸೆಗೆ ನೋವು ಬಂತು. ಕಾರು ಹುಬ್ಬಳ್ಳಿಗೆ ಹೋಯಿತು. ಅವ್ವಾರು ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದರಂತೆ. ಮುಂದಿನ ಸೀಟಿನಲ್ಲಿ ಧೋತರ, ರುಮಾಲು ಹಾಗೇ ಇದ್ದವು. “ಹುಬ್ಬಳ್ಳಿ ಮುಟ್ಟೂತನಾ ನಾ ಎಡಕ್ಕ ಹೊಳ್ಳಿ ನೋಡಲಿಲ್ರಿ,” ಎಂದರು ಡ್ರೈವರ್. ಹೆಣ್ಣು ಕೂಸು ಹುಟ್ಟಿತು, ಅತ್ತಿತು, ಉಳಿಯಿತು. ಸ್ಪ್ಯಾನರನ್ನು ಅವರು ನನ್ನಿಂದ ಮರಳಿ ಕೇಳಲಿಲ್ಲ. ಈಗಲೂ ನನ್ನ ಹಲಗೆಯ ಮೊಳೆಗೆ ಅದು ತೂಗುತ್ತಿದೆ. ಆ ಸ್ಪ್ಯಾನರಿನಿಂದ ನಾನು ಕೆಲಸ ಮಾಡುವುದಿಲ್ಲ.

ದೀಪಾವಳಿ ಅಮಾವಾಸ್ಯೆಗೆ ದೀಪ ಆರಲಿಲ್ಲವೆಂದು ಸುದ್ದಿ ಬಂತು. ಅದಾಗಿ ಕೆಲವು ವಾರಕ್ಕೆ ಅವ್ವಾರು ನನ್ನನ್ನು ಕರೆಸಿದರು. ಬಲ್ಬು ಹೋಯಿತೇನೋ ಎಂದು ಎರಡು ಬಲ್ಬು ಕಿಸೆಗೆ ಹಾಕಿಕೊಂಡು ಹೋದೆ. ಮಧ್ಯಾಹ್ನ. ಬಂಡಿಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಡ್ರೈವರ್ ಗೋಡೆಗೆ ಒರಗಿ ನಿಂತಿದ್ದರು. ದೀಪ ಸರಿಯಾಗಿಯೇ ಹತ್ತಿತ್ತು, ಹಳದಿಯಾಗಿ, ಸ್ಥಿರವಾಗಿ.

“ಹಚ್ಚೂದು ಗೊತ್ತೈತಿ ನನಗ,” ಎಂದರು ಅವ್ವಾರು. “ಆರಸೂದು ಹೆಂಗಂತ ಗೊತ್ತಿಲ್ಲ. ಯಾವಾಗ್ಲೂ ತಾನ ಆರತಿತ್ತಲ್ಲ. ತೋರಸು.”

ಸ್ವಿಚ್ಚಿನ ಮೇಲೆ ಅವರ ಬೆರಳನ್ನು ಇರಿಸಿ, ಕೆಳಗೆ ಒತ್ತಬೇಕು ಎಂದು ತೋರಿಸಿದೆ. ಅವರು ಒತ್ತಲಿಲ್ಲ. ಮೊದಲು ಧೋತರವನ್ನೂ ರುಮಾಲನ್ನೂ ಎತ್ತಿ ತೋಳಿಗೆ ಹಾಕಿಕೊಂಡರು. ಬಗ್ಗಿ, ಸೀಟಿನ ಕೆಳಗಿನ ಚಪ್ಪಲಿಗಳನ್ನು ತೆಗೆದು ನೆಲದ ಮೇಲೆ, ಬಾಗಿಲ ಹೊರಗೆ, ಇಳಿಯುವವರ ಕಾಲಿಗೆ ಸಿಗುವ ಹಾಗೆ ಜೋಡಿಸಿ ಇಟ್ಟರು. ಆಮೇಲೆ ಸ್ವಿಚ್ಚು ಒತ್ತಿದರು. ದೀಪ ಸದ್ದಿಲ್ಲದೆ ಆರಿತು.

“ಮನಿ ಬಂತು,” ಎಂದರು ಸೀಟಿಗೆ. “ಇಳೀರಿ ಇನ್ನ.”

ಕಾರಿನ ಎಡಗಡೆಯ ಸ್ಪ್ರಿಂಗು ಒಮ್ಮೆ ಕಿರ್ ಎಂದಿತು. ಭಾರದ ಮನುಷ್ಯ ಇಳಿದಾಗ ಗಾಡಿ ಏಳುವುದಿಲ್ಲವೇ, ಹಾಗೆ ಒಂದು ಬೆರಳಿನಷ್ಟು ಎದ್ದಿತು. ಡ್ರೈವರ್ ನನ್ನ ಮುಖ ನೋಡಿದರು. ನನ್ನದು ಕರೆಂಟಿನ ಕೆಲಸ. ಸ್ಪ್ರಿಂಗಿನ ವಿಷಯ ನನಗೆ ತಿಳಿಯದು, ಅಂದೂ ಅವರಿಗೆ ಅದನ್ನೇ ಹೇಳಿದೆ. ಅವ್ವಾರು ಸ್ವಲ್ಪ ಹೊತ್ತು ಕಾದು, ಬಾಗಿಲನ್ನು ಮೆಲ್ಲಗೆ ಹಾಕಿ, ಮನೆಯ ಕಡೆ ನಡೆದರು. ನಡೆಯುವಾಗ ಒಬ್ಬರಿಗೆ ಆಗುವಷ್ಟು ಜಾಗವನ್ನು ಬಲಗಡೆಗೆ ಬಿಟ್ಟಿದ್ದರು.